ಮಂಗನ ಕಾಯಿಲೆ: ಕ್ಯಾಸನೂರು ಕಾಡಿನಿಂದ ಜೀವಕೋಶದ ಕಿರುಚೀಲದವರೆಗೆ

ಮಲೆನಾಡಿನ ಕಾಡಂಚಿನಲ್ಲಿ ಮಂಗವೊಂದು ಸತ್ತು ಬಿದ್ದರೆ ಊರಿನವರು ಕೂಡಲೇ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಸತ್ತ ಮಂಗವನ್ನು ಯಾರೂ ಮುಟ್ಟಬಾರದು, ಆ ಕಡೆ ದನ ಹೊಡೆಯಬಾರದು, ತರಗೆಲೆ ಗುಡಿಸಲು ಹೋಗಬಾರದು ಎಂಬ ಎಚ್ಚರಿಕೆ ಹೊರಡುತ್ತದೆ. ಈ ಎಚ್ಚರಿಕೆಯ ಹಿಂದೆ ಆರು ದಶಕಗಳಿಗೂ ಮೀರಿದ ಸಂಶೋಧನೆಯ ಇತಿಹಾಸವಿದೆ. ಜಗತ್ತಿನ ವೈರಸ್ ವಿಜ್ಞಾನದ ಪುಸ್ತಕಗಳಲ್ಲಿ ಕನ್ನಡ ನಾಡಿನ ಒಂದು ಸಣ್ಣ ಕಾಡಿನ ಹೆಸರು ಶಾಶ್ವತವಾಗಿ ಸೇರಿಹೋದದ್ದು ಈ ಇತಿಹಾಸದಿಂದಲೇ. ಕಾಡಿನಲ್ಲಿ ಆರಂಭವಾದ ಹುಡುಕಾಟ ಈಗ ಜೀವಕೋಶಗಳು ಹೊರಚೆಲ್ಲುವ, ಕಣ್ಣಿಗೆ ಕಾಣದ ಕಿರುಚೀಲಗಳವರೆಗೆ ಬಂದು ನಿಂತಿದೆ. ಈ ದಾರಿಯನ್ನು ನಾವು ಮೊದಲಿನಿಂದ ನೋಡೋಣ.

ಹಳದಿ ಜ್ವರದ ಗುಮಾನಿ

1957ನೆಯ ಇಸವಿ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಸೊಂಟ-ಕಾಲುಗಳ ಸ್ನಾಯುಗಳಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡಿತು. ಕೆಲವರಿಗೆ ಮೂಗು, ಒಸಡು, ಕರುಳುಗಳಿಂದ ರಕ್ತಸ್ರಾವವೂ ಆಗುತ್ತಿತ್ತು. ಮೊದಲಿಗೆ ಇದನ್ನು ವಿಷಮಶೀತ ಜ್ವರವೆಂದು ಭಾವಿಸಲಾಯಿತು. ಆದರೆ ಹಳ್ಳಿಯ ಜನ ವೈದ್ಯರಿಗಿಂತ ಮೊದಲೇ ಒಂದು ಸಂಗತಿಯನ್ನು ಗುರುತಿಸಿದ್ದರು. ಜ್ವರ ಬರುವ ಹೊತ್ತಿಗೇ ಕಾಡಿನಲ್ಲಿ ಕೆಂಪುಮೂತಿಯ ಕೋತಿಗಳೂ ಕಪ್ಪುಮುಖದ ಮುಸುವಗಳೂ ಸಾಯುತ್ತಿದ್ದವು. ಜನರ ಬಾಯಲ್ಲಿ ರೋಗಕ್ಕೆ 'ಮಂಗನ ಕಾಯಿಲೆ' ಎಂಬ ಹೆಸರು ಬಂತು.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದ ಈ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಮಂಗಗಳ ಸಾವು ಎಂದೊಡನೆ ಅಲ್ಲಿನ ವಿಜ್ಞಾನಿಗಳು ಬೆಚ್ಚಿದರು. ಏಕೆಂದರೆ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ಒಂದು ರೋಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ದಕ್ಷಿಣ ಅಮೆರಿಕದ ಕಾಡುಗಳ ಹಳದಿ ಜ್ವರ. ಏಷ್ಯಾದಲ್ಲಿ ಆ ರೋಗ ಎಂದೂ ನೆಲೆಯೂರಿರಲಿಲ್ಲ. ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಮಾತ್ರ ಇಲ್ಲಿ ಹೇರಳವಾಗಿತ್ತು, ಜನರಲ್ಲಿ ಅದರ ವಿರುದ್ಧ ರೋಗನಿರೋಧ ಶಕ್ತಿಯೂ ಇರಲಿಲ್ಲ. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿದ್ದರೆ ಆಗುವ ಅನಾಹುತವನ್ನು ನೀವೇ ಊಹಿಸಬಹುದು.

ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡ ಕ್ಯಾಸನೂರಿಗೆ ಧಾವಿಸಿತು. ಡಿ.ಪಿ. ನರಸಿಂಹಮೂರ್ತಿ, ಆರ್. ಲಕ್ಷ್ಮಣರಾವ್, ಪಿ.ಎನ್. ಭಟ್, ಕೆ.ಜಿ. ಕುಲಕರ್ಣಿ ಅವರು ಜೊತೆಗೂಡಿದರು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಲಾಯಿತು. ಪರೀಕ್ಷೆಯ ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ಅದೇ ಕುಟುಂಬದ ಇನ್ನೊಂದು ಶಾಖೆಗೆ ಸೇರಿದ್ದಾಗಿತ್ತು. ಅದರ ಹತ್ತಿರದ ನೆಂಟ ಇದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಸೈಬೀರಿಯಾದ ಕಾಡುಗಳಲ್ಲಿ. ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರ ಎಂಬ ಆ ರೋಗವನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಹೊಸ ವೈರಸ್ಸಿಗೆ ಕ್ಯಾಸನೂರು ಕಾಡಿನ ಹೆಸರನ್ನೇ ಇಡಲಾಯಿತು.

ಉಣ್ಣೆಯ ಜಾಡು

ನೆಂಟನ ಪರಿಚಯವಾದೊಡನೆ ಮುಂದಿನ ಹೆಜ್ಜೆ ಸುಲಭವಾಯಿತು. ಕಾಡಿನ ನೆಲದ ಉಣ್ಣೆಗಳನ್ನು ಬಟ್ಟೆ ಎಳೆದು ಸಂಗ್ರಹಿಸಿ ಪರೀಕ್ಷಿಸಿದಾಗ ಹೀಮಾಫೈಸಾಲಿಸ್ ಸ್ಪೈನಿಗೆರಾ ಎಂಬ ಪ್ರಭೇದದಲ್ಲಿ ವೈರಸ್ ಸಿಕ್ಕಿತು. ಮಲೆನಾಡಿನ ಜನ ಇದನ್ನು ಉಣುಗು ಎಂದೂ ಕರೆಯುತ್ತಾರೆ.

ಉಣ್ಣೆಯ ಜೀವನಚಕ್ರವನ್ನು ಅರಿತರೆ ರೋಗದ ಕಾಲಪಟ್ಟಿ ತಾನೇ ಅರ್ಥವಾಗುತ್ತದೆ. ಮೊಟ್ಟೆಯಿಂದ ಹೊರಬರುವ ಮರಿಗೆ ಆರು ಕಾಲು. ಅದು ಇಲಿ, ಮೂಗಿಲಿ, ನೆಲದ ಹಕ್ಕಿಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಪೊರೆ ಕಳಚಿ, ಎಂಟು ಕಾಲಿನ ಎಳೆಯುಣ್ಣೆಯಾಗುತ್ತದೆ. ಎಳೆಯುಣ್ಣೆ ಗಸಗಸೆ ಕಾಳಿನಷ್ಟು ಸಣ್ಣದು. ಮಂಗಗಳನ್ನೂ ಮನುಷ್ಯರನ್ನೂ ಕಚ್ಚುವುದು ಮುಖ್ಯವಾಗಿ ಇದೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡು ಒಣಗಿ ತರಗೆಲೆ ನೆಲ ಮುಚ್ಚಿದಾಗ, ಎಳೆಯುಣ್ಣೆಗಳ ಸಂಖ್ಯೆ ಹೆಚ್ಚು. ಕೊಟ್ಟಿಗೆಗೆ ತರಗೆಲೆ ತರಲು, ಸೌದೆ ಆಯಲು, ದನ ಮೇಯಿಸಲು ಜನ ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ. ಬೆಳೆದ ಉಣ್ಣೆಗೆ ದನ, ಕಾಡುಕೋಣಗಳಂಥ ದೊಡ್ಡ ಪ್ರಾಣಿ ಬೇಕು. ದನದ ಮೈಯಲ್ಲಿ ವೈರಸ್ ಹೆಚ್ಚು ವೃದ್ಧಿಯಾಗುವುದಿಲ್ಲ. ಆದರೆ ದನದ ರಕ್ತ ಕುಡಿದ ಹೆಣ್ಣು ಉಣ್ಣೆ ನೆಲಕ್ಕುದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಮನುಷ್ಯನಾದರೋ ಈ ಸರಪಳಿಯ ಕೊನೆಯ ಕೊಂಡಿ. ರೋಗ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ.

ವೈರಸ್ ಸಂಶೋಧನಾ ಕೇಂದ್ರದಲ್ಲಿದ್ದ ಹೋರ್ಹೆ ಬೊಷೆಲ್ 1969ರಲ್ಲಿ ಒಂದು ಮಹತ್ವದ ವಾದವನ್ನು ಮಂಡಿಸಿದರು. ವೈರಸ್ ಕಾಡಿನಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇದ್ದಿರಬಹುದು. ಜನಸಂಖ್ಯೆ ಬೆಳೆದು, ಕಾಡು ಕಡಿದು, ದನಗಳು ಹೆಚ್ಚಾಗಿ, ಕಾಡಂಚಿನಲ್ಲಿ ಪೊದೆ ಬೆಳೆದಾಗ ಉಣ್ಣೆಗಳು ವಿಪರೀತವಾಗಿ ಹೆಚ್ಚಿ ರೋಗ ಹೊರಗೆ ಕಾಣಿಸಿಕೊಂಡಿತು ಎಂಬುದೇ ಆ ವಾದ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ನಡೆದದ್ದು ಇದಕ್ಕೆ ಪುಷ್ಟಿ ಕೊಟ್ಟಿತು. ಗೇರುತೋಟಕ್ಕಾಗಿ ಕಾಡು ಕಡಿದ ನಂತರ ಅಲ್ಲಿ ರೋಗ ಭುಗಿಲೆದ್ದು ಸಾವಿರದ ಐನೂರಕ್ಕೂ ಹೆಚ್ಚು ಜನರಿಗೆ ತಗುಲಿತು. ಸುಮಾರು 150 ಮಂದಿ ಸತ್ತರು.

ಇಲ್ಲೊಂದು ಮಾತು ಹೇಳಬೇಕು. ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಹೋಗುವಾಗ ಅರೆಮಲೆನಾಡು ಮುಗಿದು, ಮಳೆ ಕಡಿಮೆಯಾಗಿ, ತೆಂಗಿನ ತೋಟಗಳ ಬಯಲುಸೀಮೆ ತೆರೆದುಕೊಳ್ಳುವುದನ್ನು ನೀವು ಗಮನಿಸಿರಬಹುದು. ಅರಸೀಕೆರೆಯ ಹಸುವಿನ ಕಿವಿಯಲ್ಲೂ ಉಣ್ಣೆ ಇರುತ್ತದೆ. ಹಾಗೆಂದು ಅಲ್ಲಿ ಮಂಗನ ಕಾಯಿಲೆ ಇದೆಯೆಂದು ಅರ್ಥವಲ್ಲ. ಉಣ್ಣೆಯ ಪ್ರಭೇದ, ಕಾಡಿನ ತೇವ, ಸಣ್ಣ ಪ್ರಾಣಿಗಳು, ಮಂಗ, ದನ ಎಲ್ಲವೂ ಕೂಡಿಬಂದಾಗ ಮಾತ್ರ ಸರಪಳಿ ಪೂರ್ಣವಾಗುತ್ತದೆ. ಆದರೆ ಗಡಿಗೆರೆಯನ್ನು ನಂಬಿ ಕೂರುವಂತೆಯೂ ಇಲ್ಲ. ಬಹುಕಾಲ ಮಲೆನಾಡು, ಕರಾವಳಿಯ ಕೆಲವು ಜಿಲ್ಲೆಗಳ ರೋಗವೆನಿಸಿದ್ದ ಇದು 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡುಗಳಲ್ಲೂ, 2015ರ ಸುಮಾರಿಗೆ ಗೋವಾದಲ್ಲೂ ಕಾಣಿಸಿಕೊಂಡಿತು.

ವೈರಸ್ ಎಲ್ಲಿಂದ ಬಂತು?

ಸೈಬೀರಿಯಾದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳು ತಮ್ಮ ಮೈಮೇಲೆ ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಇದನ್ನು ಪರೀಕ್ಷಿಸಲು ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಯೋಜನೆಯನ್ನು ಆರಂಭಿಸಿತು. ಹಕ್ಕಿಗಳು ವೈರಸ್ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ಅಮೂಲ್ಯ ಮಾಹಿತಿ ಸಿಕ್ಕಿತು. ತಪ್ಪಿದ ಊಹೆಯೂ ವಿಜ್ಞಾನಕ್ಕೆ ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಒಳ್ಳೆಯ ಉದಾಹರಣೆ ಇದು.

1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮ ಎಂಬ ವೈರಸ್ ಪತ್ತೆಯಾಯಿತು. ಅದು ಕ್ಯಾಸನೂರು ವೈರಸ್ಸಿನ ತೀರ ಹತ್ತಿರದ ದಾಯಾದಿ. ಎರಡರ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ಅವು ಕವಲೊಡೆದ ಕಾಲವನ್ನು ಲೆಕ್ಕಹಾಕಬಹುದು. 2009ರ ಒಂದು ಲೆಕ್ಕ ಆ ಕಾಲವನ್ನು 1940ರ ದಶಕಕ್ಕೆ ಇಟ್ಟಿತು. ಹೆಚ್ಚು ಮಾದರಿಗಳ ಪೂರ್ಣ ಆರ್‌ಎನ್‌ಎಯನ್ನು ಓದಿದ 2011ರ ಅಧ್ಯಯನ ಅದನ್ನು ಸುಮಾರು 700 ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ಅಂದರೆ ಮಲಿಕ್ ಕಾಫರ್ 1311ರಲ್ಲಿ ದೋರಸಮುದ್ರದ, ಈಗಿನ ಹಳೇಬೀಡಿನ, ಮೇಲೆ ದಂಡೆತ್ತಿ ಬಂದ ಕಾಲದ ಆಸುಪಾಸು! ಬೊಷೆಲ್ ಹೇಳಿದ್ದಂತೆ ಇದು ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ ಎಂಬ ಮಾತಿಗೆ ಹೀಗೆ ಬಲ ಬಂತು.

ಲಸಿಕೆಯ ಏಳುಬೀಳು

ರೋಗಕ್ಕೆ ನೇರವಾದ ಔಷಧ ಇಂದಿಗೂ ಇಲ್ಲ. ದೇಹದ ದ್ರವಾಂಶ ಕಾಯ್ದುಕೊಂಡು, ರಕ್ತಸ್ರಾವವನ್ನು ನಿಭಾಯಿಸಿ ರೋಗಿಯನ್ನು ಉಳಿಸಿಕೊಳ್ಳಬೇಕು. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮತ್ತೆ ಬಂದು, ಎರಡನೆಯ ಸಲ ಮಿದುಳನ್ನೂ ನರಗಳನ್ನೂ ಬಾಧಿಸುತ್ತದೆ. ಹೀಗಾಗಿ ಎಲ್ಲರ ಕಣ್ಣು ಲಸಿಕೆಯ ಮೇಲೆ.

ಮೊದಲು, ನೆಂಟ ವೈರಸ್ಸಿನ ವಿರುದ್ಧದ ಲಸಿಕೆ ಇಲ್ಲಿಯೂ ಕೆಲಸ ಮಾಡೀತೆಂದು ರಷ್ಯನ್ ಮಿದುಳುಜ್ವರದ ಲಸಿಕೆಯನ್ನು 1950ರ ದಶಕದ ಕೊನೆಯಲ್ಲಿ ಪ್ರಯೋಗಿಸಿದರು. ಪ್ರಯೋಜನವಾಗಲಿಲ್ಲ. 1960ರ ದಶಕದಲ್ಲಿ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಸಿದ್ಧಪಡಿಸಲಾಯಿತು. 1990–92ರಲ್ಲಿ 88 ಸಾವಿರಕ್ಕೂ ಹೆಚ್ಚು ಜನರಿಗೆ ನೀಡಿ ಪರಿಶೀಲಿಸಿದಾಗ ಒಂದು ಸಲ ಚುಚ್ಚಿಸಿಕೊಂಡವರಲ್ಲಿ ಶೇಕಡ 79ರಷ್ಟು, ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಶೇಕಡ 94ರಷ್ಟು ರಕ್ಷಣೆ ಕಂಡುಬಂದಿತು. ಆದರೆ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಸಲದ ರಕ್ಷಣೆ ಶೇಕಡ 62ಕ್ಕೆ ಇಳಿದಿತ್ತು. ಪುನರ್ಬಲ ಚುಚ್ಚುಮದ್ದು ಪಡೆದವರಲ್ಲಿ ಅದು ಶೇಕಡ 83. ಲಸಿಕೆ ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಲ್ಲಿ. ಸಾಕಷ್ಟು ಸತ್ವ ಉಳಿದಿಲ್ಲವೆಂದು ಕಂಡುಬಂದ ಮೇಲೆ 2022ರಲ್ಲಿ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕಂಪನಿಯೊಡನೆ ಸೇರಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿತು. ಹಳೆಯದು ನಿಂತು ಹೊಸದು ಕೈಸೇರುವ ನಡುವಿನ ಬೇಸಿಗೆಗಳನ್ನು ಮಲೆನಾಡಿನ ಕೂಲಿಕಾರರೂ ರೈತರೂ ಲಸಿಕೆಯಿಲ್ಲದೆ ಕಳೆಯಬೇಕಾಗಿ ಬಂತು. 2024ರ ಆರಂಭದಲ್ಲಿ ಮತ್ತೆ ಸಾವುಗಳಾದವು.

ಇಲ್ಲಿ ವಿದ್ಯಾರ್ಥಿಯೊಬ್ಬ ಕೇಳಬೇಕಾದ ಪ್ರಶ್ನೆಯೊಂದಿದೆ. ರಕ್ತದಲ್ಲಿ ಪ್ರತಿಕಾಯಗಳಿದ್ದರೂ ಉಣ್ಣೆ ಒಯ್ಯುವ ವೈರಸ್ಸು ಕಾವಲನ್ನು ತಪ್ಪಿಸಿಕೊಳ್ಳಬಲ್ಲುದೆ?

ಉಣ್ಣೆಯ ಎಂಜಲಿನ ಗುಟ್ಟು

ಸೊಳ್ಳೆ ಕಚ್ಚಿ ಕ್ಷಣದಲ್ಲಿ ಹಾರಿಹೋಗುತ್ತದೆ. ಉಣ್ಣೆ ದಿನಗಟ್ಟಲೆ ಚರ್ಮಕ್ಕೆ ಅಂಟಿಕೊಂಡು ರಕ್ತ ಹೀರುತ್ತದೆ. ಅಷ್ಟು ಹೊತ್ತು ನೋವಾಗದಂತೆ, ರಕ್ತ ಹೆಪ್ಪುಗಟ್ಟದಂತೆ, ರಕ್ಷಣಾ ಕೋಶಗಳು ಮೇಲೆ ಬೀಳದಂತೆ ನೋಡಿಕೊಳ್ಳುವ ಅನೇಕ ಪದಾರ್ಥಗಳು ಅದರ ಎಂಜಲಿನಲ್ಲಿವೆ. ಸ್ಲೊವಾಕಿಯಾದ ಮಿಲನ್ ಲಬುಡಾ ಮತ್ತು ಇಂಗ್ಲೆಂಡಿನ ಪೆಟ್ರಿಷಿಯ ನಟಾಲ್ 1990ರ ದಶಕದಲ್ಲಿ ಒಂದು ವಿಚಿತ್ರವನ್ನು ಕಂಡುಕೊಂಡರು. ಒಂದೇ ಇಲಿಯ ಮೈಮೇಲೆ ಸೋಂಕಿತ ಉಣ್ಣೆಯೂ ಸೋಂಕಿಲ್ಲದ ಉಣ್ಣೆಯೂ ಒಟ್ಟಿಗೆ ರಕ್ತ ಹೀರುತ್ತಿದ್ದರೆ, ಇಲಿಯ ರಕ್ತದಲ್ಲಿ ವೈರಸ್ ಹೆಚ್ಚಾಗಿ ಕಾಣದಿದ್ದರೂ ಒಂದರಿಂದ ಇನ್ನೊಂದಕ್ಕೆ ಅದು ದಾಟುತ್ತದೆ. 1997ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಮೊದಲೇ ರೋಗನಿರೋಧ ಪಡೆದ ಇಲಿಗಳ ಮೈಮೇಲೂ ಹೀಗೆ ದಾಟುವಿಕೆ ನಡೆಯಬಲ್ಲುದೆಂದು ತೋರಿಸಿದರು. ಅಲ್ಲಿಯ ವೈರಸ್ ಯೂರೋಪಿನ ಉಣ್ಣೆಜನ್ಯ ಮಿದುಳುಜ್ವರದ್ದು, ಅಂದರೆ ಕ್ಯಾಸನೂರಿನ ನೆಂಟ. ರಕ್ತದಲ್ಲಿ ತಿರುಗುವ ಪ್ರತಿಕಾಯಗಳ ಕಣ್ಣು ತಪ್ಪಿಸಿ ಚರ್ಮದ ಕೋಶಗಳ ಮೂಲಕವೇ ಹೋಗುವ ಒಳದಾರಿಯೊಂದು ಇರಬೇಕೆಂದಾಯಿತು.

ಕಸವೆಂದುಕೊಂಡ ಕಿರುಚೀಲಗಳು

ಈ ಹಂತದಲ್ಲಿ ನಮ್ಮ ಕಥೆಗೆ ಬೇರೊಂದು ಕಡೆಯಿಂದ ಹರಿದುಬಂದ ಹೊಳೆ ಸೇರುತ್ತದೆ. 1967ರಲ್ಲಿ ಬ್ರಿಟನ್ನಿನ ಪೀಟರ್ ವುಲ್ಫ್, ರಕ್ತದ ಕಿರುಬಿಲ್ಲೆಗಳಿಂದ ಉದುರುವ ಅತಿಸೂಕ್ಷ್ಮ ಕಣಗಳನ್ನು ಕಂಡು 'ಧೂಳು' ಎಂದು ಕರೆದಿದ್ದರು. 1983ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ, ಬಲಿಯುತ್ತಿರುವ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು ವರ್ಣಿಸಿದವು. ಅವುಗಳಲ್ಲೊಂದರ ರೋಸ್ ಜಾನ್‌ಸ್ಟೋನ್ 1987ರಲ್ಲಿ ಈ ಚೀಲಗಳನ್ನು ಎಕ್ಸೊಸೋಮ್ ಎಂದು ಹೆಸರಿಸಿದರು. ಆಗ ಬಹುಮಂದಿ ಇದನ್ನು ಜೀವಕೋಶದ ಕಸದ ಬುಟ್ಟಿ ಎಂದೇ ತಿಳಿದರು.

ಆ ಎಣಿಕೆ ನಿಲ್ಲಲಿಲ್ಲ. 1996ರಲ್ಲಿ ಗ್ರಾಸ ರಪೋಸೊ ಮತ್ತು ಸಂಗಡಿಗರು, ಪ್ರತಿಕಾಯ ತಯಾರಿಸುವ ಬಿ-ಕೋಶಗಳು ಹೊರಬಿಡುವ ಚೀಲಗಳು ಟಿ-ಕೋಶಗಳನ್ನು ಪ್ರಚೋದಿಸಬಲ್ಲವೆಂದು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು, ಈ ಚೀಲಗಳು ಆರ್‌ಎನ್‌ಎಯನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಒಯ್ಯುತ್ತವೆ, ಅಲ್ಲಿ ಆ ಆರ್‌ಎನ್‌ಎ ಕೆಲಸವನ್ನೂ ಮಾಡುತ್ತದೆ ಎಂದು ಸಾಧಿಸಿತು. ಕಸದ ಬುಟ್ಟಿ ಎನಿಸಿದ್ದು ಅಂಚೆಯ ಚೀಲವಾಯಿತು! ಇಂಥ ಎಲ್ಲ ಬಗೆಯ ಚೀಲಗಳಿಗೆ ಈಗ ಕೋಶಬಾಹ್ಯ ಕಿರುಚೀಲಗಳು ಎಂಬ ಸಾಮಾನ್ಯ ಹೆಸರಿದೆ.

ಅಳತೆಯನ್ನು ಗಮನಿಸಿ. ಎಕ್ಸೊಸೋಮ್‌ಗಳ ವ್ಯಾಸ ಸುಮಾರು 30ರಿಂದ 150 ನ್ಯಾನೊಮೀಟರ್. ಕ್ಯಾಸನೂರು ವೈರಸ್ಸಿನ ಕುಟುಂಬದ ಕಣದ ವ್ಯಾಸ ಸುಮಾರು 50 ನ್ಯಾನೊಮೀಟರ್. ಇದೂ ಕೊಬ್ಬಿನ ಪೊರೆ ಹೊದ್ದ, ಒಳಗೆ ಆರ್‌ಎನ್‌ಎ ಇಟ್ಟುಕೊಂಡ ಚೀಲವೇ. ಅಂಚೆಯ ಚೀಲದಲ್ಲಿ ವೈರಸ್ಸಿನ ಆರ್‌ಎನ್‌ಎ ಸೇರಿಕೊಂಡರೆ ಏನಾದೀತು? 2013ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಲೆಮನ್ ತಂಡ, ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್ ನಮ್ಮದೇ ಕೋಶಪೊರೆಯನ್ನು ಹೊದ್ದು ರಕ್ತದಲ್ಲಿ ಸಂಚರಿಸುತ್ತದೆಂದು ತೋರಿಸಿತು. ಹೊದಿಕೆಯೊಳಗಿರುವಾಗ ಅದು ಪ್ರತಿಕಾಯಗಳಿಗೆ ನೇರವಾಗಿ ಸಿಗುವುದಿಲ್ಲ.

ಉಣ್ಣೆಯ ಕೋಶದಿಂದ ಮನುಷ್ಯನ ಕೋಶಕ್ಕೆ

ಎರಡು ಹೊಳೆಗಳೂ ಕೂಡಿದ್ದು 2018ರಲ್ಲಿ. ಅಮೆರಿಕದ ವರ್ಜೀನಿಯಾದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದಲ್ಲಿ ಆಗ ಕೆಲಸ ಮಾಡುತ್ತಿದ್ದ ಹಮೀದಾ ಸುಲ್ತಾನ, ಗಿರೀಶ್ ನೀಲಕಂಠ ಮತ್ತು ಸಂಗಡಿಗರು ಲ್ಯಾಂಗಾಟ್ ಎಂಬ ವೈರಸ್ಸನ್ನು ಆರಿಸಿಕೊಂಡರು. ಮಲೇಷಿಯಾದ ಉಣ್ಣೆಗಳಲ್ಲಿ 1956ರಲ್ಲಿ ಸಿಕ್ಕ ಇದು ಕ್ಯಾಸನೂರು ವೈರಸ್ಸಿನ ಸೌಮ್ಯ ಬಂಧು. ಪ್ರಯೋಗಾಲಯದಲ್ಲಿ ನಿಭಾಯಿಸಲು ಸುರಕ್ಷಿತ. ಕ್ಯಾಸನೂರು ವೈರಸ್ಸಿಗಾದರೋ ಅತ್ಯುನ್ನತ ಮಟ್ಟದ ಭದ್ರತೆಯ ಪ್ರಯೋಗಾಲಯ ಬೇಕು. ಹಿಂದೆ ಅನೇಕ ಪ್ರಯೋಗಾಲಯ ಸಿಬ್ಬಂದಿಗೇ ಅದರ ಸೋಂಕು ತಗುಲಿತ್ತು.

ಅವರು ಉಣ್ಣೆಯ ಜೀವಕೋಶಗಳಿಗೆ ಲ್ಯಾಂಗಾಟ್ ಸೋಂಕು ತಗುಲಿಸಿ, ಅವು ಹೊರಬಿಟ್ಟ ಎಕ್ಸೊಸೋಮ್‌ಗಳನ್ನು ಪ್ರತ್ಯೇಕಿಸಿದರು. ಚೀಲಗಳೊಳಗೆ ವೈರಸ್ಸಿನ ಆರ್‌ಎನ್‌ಎಯೂ ಪ್ರೋಟೀನುಗಳೂ ಇದ್ದವು. ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವವನ್ನು ಹೊರಗಿನಿಂದ ಸೇರಿಸಿದರೂ ಒಳಗಿನದು ಭದ್ರವಾಗಿತ್ತು. ಇಂಥ ಚೀಲಗಳು ಮನುಷ್ಯನ ಚರ್ಮದ ಕೋಶಗಳಿಗೂ ರಕ್ತನಾಳದ ಒಳಪದರದ ಕೋಶಗಳಿಗೂ ಸೋಂಕನ್ನು ದಾಟಿಸಿದವು. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಹೋಲುವ ಕೋಶಪದರದ ಮೂಲಕ ನರಕೋಶಗಳನ್ನೂ ತಲುಪಿದವು. ಎಕ್ಸೊಸೋಮ್ ಬಿಡುಗಡೆಯನ್ನು ತಡೆಯುವ ರಾಸಾಯನಿಕವನ್ನು ಹಾಕಿದಾಗ ವೈರಸ್ಸಿನ ಪ್ರಮಾಣ ಇಳಿಯಿತು. ಅದೇ ವರ್ಷ ಅವರು ಸೊಳ್ಳೆಯ ಕೋಶಗಳಲ್ಲಿ ಡೆಂಗಿ ವೈರಸ್ಸೂ ಇಂಥ ದಾರಿ ಹಿಡಿಯುವುದನ್ನು ವರದಿ ಮಾಡಿದರು.

ಈ ಫಲಿತಾಂಶವನ್ನು ಓದುವಾಗ ಎರಡು ಎಚ್ಚರಗಳಿರಲಿ. ಮೊದಲನೆಯದಾಗಿ, ಇದು ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಕೋಶಗಳ ಮೇಲೆ, ನೆಂಟ ವೈರಸ್ಸಿನೊಡನೆ ನಡೆದ ಪ್ರಯೋಗ. ನೆಂಟನಿಗೆ ಸಲ್ಲುವುದೆಲ್ಲ ಕ್ಯಾಸನೂರಿಗೆ ಸಲ್ಲುವುದಿಲ್ಲ ಎಂಬ ಪಾಠವನ್ನು ರಷ್ಯನ್ ಲಸಿಕೆ ಆಗಲೇ ಕಲಿಸಿದೆ. ಎರಡನೆಯದಾಗಿ, ವೈರಸ್ ಚೀಲದೊಳಗೆ ಅಡಗಬಲ್ಲುದು ಎಂದೊಡನೆ ಲಸಿಕೆ ವ್ಯರ್ಥವೆಂದು ತೀರ್ಮಾನಿಸಬಾರದು. ಪೊರೆ ಹೊದ್ದು ತಿರುಗುವ ಹೆಪಟೈಟಿಸ್-ಎ ವಿರುದ್ಧದ ಲಸಿಕೆ ಅತ್ಯಂತ ಪರಿಣಾಮಕಾರಿಯಾಗಿದೆ! ಚೀಲಗಳು ವೈರಸ್ಸಿನ ಸೊತ್ತೂ ಅಲ್ಲ. 2013ರ ಒಂದು ಅಧ್ಯಯನದಲ್ಲಿ, ಇಂಟರ್‌ಫೆರಾನ್ ಪಡೆದ ಕೋಶಗಳು ಹೆಪಟೈಟಿಸ್-ಬಿ ವೈರಸ್ಸನ್ನು ತಡೆಯುವ ಶಕ್ತಿಯನ್ನು ಇದೇ ಚೀಲಗಳ ಮೂಲಕ ನೆರೆಯ ಕೋಶಗಳಿಗೆ ಹಂಚಿದವು. ಒಂದೇ ಅಂಚೆಯಲ್ಲಿ ಶತ್ರುವಿನ ಪತ್ರವೂ ಕಾವಲುಗಾರನ ಎಚ್ಚರಿಕೆಯೂ ಹೋಗುತ್ತವೆ.

ಹಾಗಾದರೆ ಈ ಸಂಶೋಧನೆಯಿಂದ ನಮಗೇನು? ಹಳೆಯ ಲಸಿಕೆ 1957ರಲ್ಲಿ ಸಿಕ್ಕ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ್ದು. ರಕ್ತದಲ್ಲಿ ಪ್ರತಿಕಾಯ ಬೆಳೆಸುವುದು ಅದರ ಮುಖ್ಯ ಕೆಲಸ. ವೈರಸ್ ಚರ್ಮದಲ್ಲಿ ಕೋಶದಿಂದ ಕೋಶಕ್ಕೆ ಮರೆಯಾಗಿ ದಾಟುವುದಾದರೆ, ಸೋಂಕಿತ ಕೋಶವನ್ನೇ ಗುರುತಿಸಿ ಕೊಲ್ಲುವ ಟಿ-ಕೋಶಗಳನ್ನೂ ಎಬ್ಬಿಸುವ ಲಸಿಕೆ, ಅಥವಾ ಉಣ್ಣೆಯ ಎಂಜಲು ಹಾಗೂ ಚೀಲಗಳ ಪ್ರೋಟೀನುಗಳನ್ನೇ ಗುರಿಯಾಗಿಸಿದ ಲಸಿಕೆ ಹೆಚ್ಚು ಫಲ ಕೊಟ್ಟೀತು. ಕ್ಯಾಸನೂರು ವೈರಸ್ಸಿನ ಮೇಲೆಯೇ ಈ ಪ್ರಯೋಗಗಳನ್ನು ನಡೆಸಬೇಕು. ಅದಕ್ಕೆ ಬೇಕಾದ ಅತಿಭದ್ರ ಪ್ರಯೋಗಾಲಯ 2012ರಿಂದ ಪುಣೆಯಲ್ಲಿದೆ, ಉಣ್ಣೆಗಳು ನಮ್ಮ ಕಾಡಿನಲ್ಲಿವೆ, ಕಾಯಿಲೆ ನಮ್ಮ ಜನರದ್ದು. ಈ ಕೆಲಸವನ್ನು ಬೇರೆಯವರು ಮಾಡಿಕೊಡಲೆಂದು ಕಾಯಬೇಕಾದ ಕಾರಣವಿಲ್ಲ.

ಅಧ್ಯಾಪಕರು ಈ ಕಥೆಯನ್ನು ತರಗತಿಗೆ ಒಯ್ಯುವಾಗ ಕಾಡಂಚಿನ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಡಿಸೆಂಬರಿನಿಂದ ಮೇ ಕೊನೆಯವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿರೋಧಕ ತೈಲ ಹಚ್ಚಿಕೊಂಡು ಹೋಗಲಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಲಿ, ಸತ್ತ ಮಂಗವನ್ನು ಮುಟ್ಟದೆ ಸುದ್ದಿ ತಿಳಿಸಲಿ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದ ವಿಷಯ ಹೇಳಲಿ. ಲಸಿಕೆ ಕೈಯಲ್ಲಿಲ್ಲದ ಕಾಲದಲ್ಲಿ ಜೀವ ಉಳಿಸುವುದು ಇವೇ. ಮಂಗ ಸತ್ತದ್ದಕ್ಕೂ ಜ್ವರಕ್ಕೂ ನಂಟಿದೆಯೆಂದು 1957ರಲ್ಲಿ ಮೊದಲು ಗುರುತಿಸಿದವರು ಸೊರಬದ ಹಳ್ಳಿಗರು ಎಂಬುದನ್ನೂ ಮಕ್ಕಳಿಗೆ ಮರೆಯದೆ ಹೇಳಿ.